ಎಷ್ಟು ಜನರಲ್ಲಿ? ಲಸಿಕೆಯ ಅಡ್ಡಪರಿಣಾಮದ ಲೆಕ್ಕ ಓದುವ ದಾರಿ

2021ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಪ್ರಕಟಣೆ ಕೊಟ್ಟಿತ್ತು. ಕೋವಿಡ್ ಲಸಿಕೆ ಹಾಕಿಸಿಕೊಂಡ ಮೇಲೆ ತೊಂದರೆ ಆಯಿತು ಅಂತ 23,000ಕ್ಕೂ ಜಾಸ್ತಿ ವರದಿ ಬಂದಿವೆ, ಅದರಲ್ಲಿ 700 ಗಂಭೀರ ಅಥವಾ ತೀವ್ರವಾದವು ಅಂತ ಅದರಲ್ಲಿತ್ತು. ಪಕ್ಕದಲ್ಲೇ ಇನ್ನೊಂದು ಸಂಖ್ಯೆಯೂ ಇತ್ತು. 10 ಲಕ್ಷ ಡೋಸ್‌ಗೆ 9.3. ಎರಡೂ ಒಂದೇ ಲೆಕ್ಕ. ಆದರೆ 700 ಅನ್ನೋದನ್ನು ಮಾತ್ರ ಓದಿದವರಿಗೆ ಎದೆ ಧಸಕ್ಕೆನ್ನುತ್ತದೆ, 9.3 ಮಾತ್ರ ಓದಿದವರು ಮುಂದಿನ ಸುದ್ದಿಗೆ ಹೋಗುತ್ತಾರೆ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಅಪ್ಪ-ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮಗುವಿಗೆ ಆರು ವಾರ ತುಂಬಿರುತ್ತದೆ, ಆಶಾ ಕಾರ್ಯಕರ್ತೆ ಬಂದು ಲಸಿಕೆ ದಿನ ಹೇಳಿ ಹೋಗಿರುತ್ತಾರೆ, ಅಷ್ಟರಲ್ಲೇ ಮೊಬೈಲ್‌ಗೆ ಒಂದು ಭಯದ ವಿಡಿಯೋ ಬಂದಿರುತ್ತದೆ. ಆಗ ಏನು ನೋಡಬೇಕು, ಯಾವ ಪ್ರಶ್ನೆ ಕೇಳಬೇಕು? ಇದಕ್ಕೆ ಡಾಕ್ಟರ್ ಆಗಿರಬೇಕಿಲ್ಲ. ಭಾಗಾಕಾರ ಬಂದರೆ ಸಾಕು. ನಿಮ್ಮ ಮಗುವಿಗೆ ಬೇರೆ ಕಾಯಿಲೆ ಇದ್ದರೆ, ಹಿಂದಿನ ಡೋಸ್‌ಗೆ ಜೋರು ಅಲರ್ಜಿ ಆಗಿದ್ದರೆ, ಡಾಕ್ಟರ್ ಹತ್ತಿರ ಮಾತಾಡಲೇಬೇಕು. ಅದಕ್ಕೆ ಈ ಲೇಖನ ಬದಲಿ ಅಲ್ಲ.

ಹೆಜ್ಜೆ 1: ಕೆಳಗಿನ ಸಂಖ್ಯೆ ಹುಡುಕಿ

ಯಾರಾದರೂ 'ಇಷ್ಟು ಜನರಿಗೆ ಹೀಗಾಯ್ತು' ಅಂದ ಕೂಡಲೇ ಕೇಳಬೇಕಾದ ಮೊದಲ ಮಾತು, ಎಷ್ಟು ಜನರಲ್ಲಿ? ಸುದ್ದಿಯಲ್ಲಿ ಮೇಲಿನ ಸಂಖ್ಯೆ, ಅಂದರೆ ತೊಂದರೆ ಆದವರು ಎಷ್ಟು ಅನ್ನೋದು, ಯಾವಾಗಲೂ ಇರುತ್ತದೆ. ಕೆಳಗಿನದು, ಅಂದರೆ ಒಟ್ಟು ಎಷ್ಟು ಜನರಲ್ಲಿ ಅನ್ನೋದು, ಎಷ್ಟೋ ಸಲ ಇರುವುದೇ ಇಲ್ಲ. ಅದು ಇಲ್ಲದಿದ್ದರೆ ಆ ಸುದ್ದಿಯಿಂದ ಅಪಾಯ ಎಷ್ಟು ಅಂತ ಹೇಳಲು ಬರುವುದಿಲ್ಲ, ಹೆದರಲೂ ಆಗುವುದಿಲ್ಲ, ಧೈರ್ಯ ಹೇಳಲೂ ಆಗುವುದಿಲ್ಲ.

ಆಮೇಲೆ ಎಲ್ಲ ಲೆಕ್ಕವನ್ನೂ ಒಂದೇ ಅಳತೆಗೆ ತನ್ನಿ. ಒಂದು ಕಡೆ 3,000ಕ್ಕೆ ಒಂದು ಅಂತಾರೆ, ಇನ್ನೊಂದು ಕಡೆ ಮಿಲಿಯನ್‌ಗೆ ನಾಲ್ಕು ಅಂತಾರೆ, ಮತ್ತೊಂದು ಕಡೆ ಶೇಕಡಾ 0.01 ಅಂತಾರೆ. ಎಲ್ಲವನ್ನೂ 10 ಲಕ್ಷಕ್ಕೆ ಎಷ್ಟು ಅಂತ ಮಾಡಿಕೊಳ್ಳಿ. 10 ಲಕ್ಷ ಅಂದರೆ ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಟ್ಟಬೇಕಾದರೆ ಗದಗ ಜಿಲ್ಲೆ ನೆನಪಿಸಿಕೊಳ್ಳಿ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 10.64 ಲಕ್ಷ. ಗದಗ-ಬೆಟಗೇರಿ, ರೋಣ, ನರಗುಂದ, ಮುಂಡರಗಿ, ಶಿರಹಟ್ಟಿ ಎಲ್ಲ ಸೇರಿ. 10 ಲಕ್ಷಕ್ಕೆ ಒಂದು ಅಂದರೆ ಇಡೀ ಜಿಲ್ಲೆಯಲ್ಲಿ ಒಬ್ಬರು. ಲಕ್ಷಕ್ಕೆ ಒಂದು ಅಂದರೆ ಜಿಲ್ಲೆಯಲ್ಲಿ ಹತ್ತು-ಹನ್ನೊಂದು ಜನ. 3,000ಕ್ಕೆ ಒಂದು ಅಂದರೆ ಸುಮಾರು 350 ಜನ. 'ಅಪರೂಪ' ಅನ್ನುವ ಒಂದೇ ಪದವನ್ನು ಈ ಮೂರಕ್ಕೂ ಬಳಸುತ್ತಾರೆ, ಅದಕ್ಕೇ ಪದ ಬಿಟ್ಟು ಸಂಖ್ಯೆ ಹಿಡಿಯಿರಿ ಅಂತ ನಾನು ಹೇಳೋದು.

ಒಂದು ವಿಷಯ ಗಮನಿಸಿ. ಲೆಕ್ಕ ಡೋಸ್‌ಗೋ, ವ್ಯಕ್ತಿಗೋ? ಐದು ಕಾಯಿಲೆ ತಡೆಯುವ ಪೆಂಟಾವಲೆಂಟ್ ಲಸಿಕೆ ಒಂದು ಮಗುವಿಗೆ 6, 10, 14ನೇ ವಾರ ಅಂತ ಮೂರು ಸಲ ಬೀಳುತ್ತದೆ. ಡೋಸ್‌ಗೆ ಇಷ್ಟು ಅಂತ ಕೊಟ್ಟಿದ್ದರೆ ಮಗುವಿನ ಲೆಕ್ಕ ಬೇರೆಯೇ ಆಗುತ್ತದೆ.

ಹೆಜ್ಜೆ 2: ಲಸಿಕೆ ಇಲ್ಲದಿದ್ದರೂ ಎಷ್ಟಾಗುತ್ತಿತ್ತು ಅಂತ ಕೇಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಜನ ಎಡವುವುದೂ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಇವತ್ತು ಬೆಳಗ್ಗೆ ಗದಗ ಜಿಲ್ಲೆಯ ಎಲ್ಲರಿಗೂ ಬರೀ ಉಪ್ಪುನೀರಿನ ಸೂಜಿ ಚುಚ್ಚಿದರು ಅಂತ ಇಟ್ಟುಕೊಳ್ಳಿ. ಅದರಲ್ಲಿ ಔಷಧವೇ ಇಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 1,000 ಜನರಲ್ಲಿ ಸುಮಾರು 6 ಜನ ತೀರಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 6,400 ಸಾವು, ದಿನಕ್ಕೆ ಹದಿನೇಳು-ಹದಿನೆಂಟು, ವಾರಕ್ಕೆ ಸುಮಾರು 120. ಅಂದರೆ ಉಪ್ಪುನೀರು ಚುಚ್ಚಿಸಿಕೊಂಡ ಒಂದು ವಾರದೊಳಗೆ 120 ಜನ ತೀರಿಕೊಂಡಿರುತ್ತಾರೆ. ಕೆಲವರಿಗೆ ಹೃದಯಾಘಾತ, ಕೆಲವರಿಗೆ ಪಾರ್ಶ್ವವಾಯು, ಕೆಲವರಿಗೆ ರಸ್ತೆ ಅಪಘಾತ, ಮತ್ತೆ ಕೆಲವರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳದೇ ಹೋದವರು. ಅವರ ಮನೆಯವರು ಏನು ಹೇಳುತ್ತಾರೆ? 'ಸೂಜಿ ಮಾಡಿಸಿಕೊಂಡು ಬಂದ ಮೇಲೆ ಹೀಗಾಯ್ತು ನೋಡ್ರಿ.' ಅವರು ಸುಳ್ಳು ಹೇಳುತ್ತಿಲ್ಲ. ಸೂಜಿ ಆದ ಮೇಲೇ ಆಗಿದ್ದು ಹೌದು. ಅವರ ನೋವಿಗೆ ಮರ್ಯಾದೆ ಕೊಡಲೇಬೇಕು. ಆದರೆ ಸೂಜಿಯಿಂದಲೇ ಆಯಿತಾ ಅನ್ನೋ ಪ್ರಶ್ನೆಗೆ ಉತ್ತರ ಬೇರೆ ಕಡೆ ಹುಡುಕಬೇಕು. ವಾರಕ್ಕೆ 120 ಇರಬೇಕಾದಲ್ಲಿ 120ರ ಆಸುಪಾಸು ಇದೆಯಾ, ಇಲ್ಲ 160 ಆಗಿದೆಯಾ? 160 ಆಗಿದ್ದರೆ ಏನೋ ಇದೆ, ತಕ್ಷಣ ನಿಲ್ಲಿಸಿ ಹುಡುಕಬೇಕು.

ಹಸುಗೂಸುಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಹುಟ್ಟಿದ ಮೊದಲ ವರ್ಷದಲ್ಲೇ ಅತಿ ಜಾಸ್ತಿ ಲಸಿಕೆ ಬೀಳುತ್ತವೆ. ಬಾಲ್ಯದಲ್ಲಿ ಸಾವು ಜಾಸ್ತಿ ಇರುವುದೂ ಆ ವರ್ಷದಲ್ಲೇ. ಹಾಗಾಗಿ ಎರಡೂ ಒಂದೇ ವಾರದಲ್ಲಿ ಬರುವುದು ಆಗೀಗ ಆಗಿಯೇ ಆಗುತ್ತದೆ.

ನಿಜವಾಗಿ ನಡೆದ ಒಂದು ಪ್ರಕರಣ ಹೇಳುತ್ತೇನೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಕೊಟ್ಟರು. ಅವರಲ್ಲಿ ಏಳು ಹುಡುಗಿಯರು ತೀರಿಕೊಂಡರು. ದೇಶದಲ್ಲೆಲ್ಲ ಸುದ್ದಿಯಾಗಿ 2010ರಲ್ಲಿ ಕಾರ್ಯಕ್ರಮ ನಿಂತಿತು. ವಿಚಾರಣೆ ಮಾಡಿ ನೋಡಿದಾಗ ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಇಬ್ಬರ ಹೊಟ್ಟೆಗೆ ಕೀಟನಾಶಕ ಹೋಗಿತ್ತು, ಮಲೇರಿಯಾದ ಸಾವೂ ಇತ್ತು. ಸಾವುಗಳಿಗೂ ಲಸಿಕೆಗೂ ನಂಟಿರುವ ಹಾಗೆ ಕಾಣಲಿಲ್ಲ ಅಂತ ವರದಿ ಬಂತು. ಅದೇ ವಿಚಾರಣೆಯಲ್ಲಿ ಇನ್ನೊಂದು ವಿಷಯವೂ ಹೊರಬಂತು. ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ-ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು. ಅದು ದೊಡ್ಡ ತಪ್ಪು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಒಪ್ಪಿಗೆ ಪಡೆಯದ ತಪ್ಪು ಬೇರೆ, ಲಸಿಕೆಯಿಂದ ಸತ್ತರು ಅನ್ನೋದು ಬೇರೆ. ಎರಡನ್ನೂ ಕಲಸಿಬಿಟ್ಟಿದ್ದರಿಂದ ಆ ಲಸಿಕೆ ನಮ್ಮ ಹೆಣ್ಣುಮಕ್ಕಳಿಗೆ ಸಿಗುವುದು ವರ್ಷಗಟ್ಟಲೆ ತಡವಾಯಿತು, ಮತ್ತು ಆ ಕ್ಯಾನ್ಸರ್‌ನಿಂದ ದೇಶದಲ್ಲಿ ವರ್ಷಕ್ಕೆ 70,000ಕ್ಕೂ ಜಾಸ್ತಿ ಹೆಂಗಸರು ಸಾಯುತ್ತಾರೆ. ನನಗೆ ಇದು ಬಹಳ ನೋವಿನ ವಿಷಯ.

ಹೋಲಿಸಿ ನೋಡುವುದು ಅಂದರೆ ಹೇಗೆ? ಈಚೆಗೆ ನಮ್ಮ ರಾಜ್ಯದಲ್ಲಿ ಜೋರಾಗಿ ಚರ್ಚೆಯಾದ ಹಠಾತ್ ಸಾವಿನ ವಿಷಯವನ್ನೇ ತೆಗೆದುಕೊಳ್ಳಿ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ನಮ್ಮ ಕಡೆಯೂ ಚಹಾ ಅಂಗಡಿಯಿಂದ ಹಿಡಿದು ಚಿಗರಿ ಬಸ್‌ವರೆಗೆ ಎಲ್ಲೆಡೆ ಒಂದೇ ಮಾತು. 'ಸತ್ತವರೆಲ್ಲ ಕೋವಿಡ್ ವ್ಯಾಕ್ಸಿನ್ ಹಾಕಿಸಿಕೊಂಡವರೇ ಅಂತ.' ಹೌದು, ಇರಲೇಬೇಕಲ್ಲ. ಹೆಚ್ಚು ಕಡಿಮೆ ಎಲ್ಲ ದೊಡ್ಡವರೂ ಹಾಕಿಸಿಕೊಂಡ ಊರಲ್ಲಿ ಸತ್ತವರೂ ಹಾಕಿಸಿಕೊಂಡವರೇ, ಬದುಕಿರುವವರೂ ಹಾಕಿಸಿಕೊಂಡವರೇ. ಆ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿದ ಅಧ್ಯಯನದ ದಾರಿ ನೋಡಿ. ಆರೋಗ್ಯವಾಗಿದ್ದು ಹಠಾತ್ತನೆ ತೀರಿಕೊಂಡ 18ರಿಂದ 45 ವಯಸ್ಸಿನ 729 ಜನರನ್ನು ತೆಗೆದುಕೊಂಡರು. ಅವರದೇ ವಯಸ್ಸಿನ, ಅವರದೇ ಓಣಿ-ಬಡಾವಣೆಯ, ಬದುಕಿರುವ 2,916 ಜನರನ್ನು ಪಕ್ಕಕ್ಕಿಟ್ಟರು. ಎರಡು ಗುಂಪಿನಲ್ಲಿ ಏನು ವ್ಯತ್ಯಾಸ ಅಂತ ನೋಡಿದರು. ಲಸಿಕೆಯಿಂದ ಹಠಾತ್ ಸಾವಿನ ಸಾಧ್ಯತೆ ಜಾಸ್ತಿ ಆಗಿದ್ದು ಕಾಣಲಿಲ್ಲ. ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಜಾಸ್ತಿ ಕಂಡಿದ್ದು ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಆಗಿದ್ದವರಲ್ಲಿ, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದವರಲ್ಲಿ ಅಥವಾ ಮೈಮುರಿಯುವಂಥ ಶ್ರಮ ಮಾಡಿದವರಲ್ಲಿ. ಎರಡು ಡೋಸ್ ತಪ್ಪದೇ ಹಾಕಿಸಿಕೊಳ್ಳುವವರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರುವವರು ಇರಬಹುದು, ಹಾಗಾಗಿ 'ಲಸಿಕೆ ಹೃದಯ ಕಾಪಾಡಿತು' ಅಂತ ನಾನು ಹೇಳಲು ಹೋಗುವುದಿಲ್ಲ. ಆದರೆ ಅಪಾಯ ಏರಿಸಿತು ಅನ್ನುವುದಕ್ಕೆ ಅಲ್ಲಿ ಆಧಾರ ಇಲ್ಲ.

ಪಕ್ಕದ ಗುಂಪು ಇಲ್ಲದ ಲೆಕ್ಕ ಏನು ಮಾಡಬಲ್ಲದು ಅನ್ನೋದಕ್ಕೆ, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಅನ್ನೋ ಗಲಾಟೆ ಸಾಕು. 1998ರ ಒಂದು ಲೇಖನದಲ್ಲಿ ಇದ್ದದ್ದು ಬರೀ 12 ಮಕ್ಕಳು, ಹೋಲಿಸಲು ಯಾರೂ ಇಲ್ಲ. 2010ರಲ್ಲಿ ಆ ಲೇಖನವನ್ನು ಪತ್ರಿಕೆಯೇ ವಾಪಸ್ ತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನವರು 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಎಂಎಂಆರ್ ಲಸಿಕೆ ಹಾಕಿಸಿದವರನ್ನೂ ಹಾಕಿಸದವರನ್ನೂ ಹೋಲಿಸಿದರು. ಆಟಿಸಂ ಜಾಸ್ತಿ ಆಗಿರಲಿಲ್ಲ. ಆ 12 ಮಕ್ಕಳ ಕತೆ ಇವತ್ತಿಗೂ ಫಾರ್ವರ್ಡ್ ಆಗುತ್ತಲೇ ಇದೆ.

ಹೆಜ್ಜೆ 3: ಅದು ವರದಿಯಾ, ತನಿಖೆಯಾದ ಕಾರಣವಾ?

ಲಸಿಕೆ ಆದ ಮೇಲೆ ಏನೇ ತೊಂದರೆ ಬಂದರೂ ವರದಿ ಮಾಡಬೇಕು ಅನ್ನೋದು ನಿಯಮ. ಕಾರಣ ಲಸಿಕೆಯೇ ಅಂತ ಖಾತ್ರಿ ಇರಬೇಕಿಲ್ಲ. ಇದನ್ನು ಎಇಎಫ್‌ಐ ವರದಿ ಅಂತಾರೆ. ಅಂಗನವಾಡಿಯಲ್ಲಿ ಲಸಿಕೆ ಹಾಕಿದ ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಹೇಳುತ್ತಾರೆ. ಗಂಭೀರವಾಗಿದ್ದರೆ ವೈದ್ಯರು 24 ಗಂಟೆಯೊಳಗೆ ಜಿಲ್ಲೆಯ ಲಸಿಕಾ ಅಧಿಕಾರಿಗೆ ತಿಳಿಸಬೇಕು. ಅಲ್ಲಿಂದ ಜಿಲ್ಲಾ ಸಮಿತಿ, ರಾಜ್ಯ ಸಮಿತಿ, ಕೊನೆಗೆ ದೆಹಲಿಯ ಸಮಿತಿ.

ಇಲ್ಲಿ ಗಂಭೀರ ಅಂದರೆ ಸಾವು, ಆಸ್ಪತ್ರೆಗೆ ಸೇರಬೇಕಾಗಿ ಬಂದದ್ದು, ಅಂಗವೈಕಲ್ಯ, ಇಂಥವು. 103 ಡಿಗ್ರಿ ಜ್ವರ ಬಂದು ಮಗು ರಾತ್ರಿಯೆಲ್ಲ ನರಳಿದರೂ ಮನೆಯಲ್ಲೇ ಗುಣವಾದರೆ ಅದು ಜೋರಾದ ತೊಂದರೆಯೇ, ಆದರೆ ಈ ಪಟ್ಟಿಯ ಗಂಭೀರಕ್ಕೆ ಸೇರುವುದಿಲ್ಲ.

ತನಿಖೆ ಆದ ಮೇಲೆ ಪ್ರತಿ ಪ್ರಕರಣಕ್ಕೂ ಒಂದು ತೀರ್ಮಾನ. ಲಸಿಕೆಯ ಗುಣದಿಂದಲೇ ಆಯಿತಾ, ಆ ಬ್ಯಾಚಿನ ಗುಣಮಟ್ಟ ಕೆಟ್ಟಿತ್ತಾ, ಹಾಕುವಾಗ ತಪ್ಪಾಯಿತಾ, ಸೂಜಿಯ ಭಯದಿಂದ ಆಯಿತಾ, ಕಾಕತಾಳೀಯವಾ, ಹೇಳಲು ಬರದಂಥದ್ದಾ. ಶಾಲೆಗಳಲ್ಲಿ 10 ಮತ್ತು 16 ವರ್ಷದ ಮಕ್ಕಳಿಗೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಲಸಿಕೆ ಹಾಕುವಾಗ ಒಬ್ಬಳು ತಲೆತಿರುಗಿ ಬಿದ್ದರೆ ಅವಳನ್ನು ನೋಡಿ ಇನ್ನಷ್ಟು ಹುಡುಗಿಯರು ಬೀಳುತ್ತಾರೆ. ಅದು ಭಯದ ಗುಂಪಿಗೆ ಸೇರುತ್ತದೆ. ನಾಟಕ ಅಂತ ಬೈಯಬೇಡಿ, ಅವರಿಗೆ ನಿಜವಾಗಿಯೂ ತಲೆ ಸುತ್ತಿರುತ್ತದೆ.

ಈ ವರದಿಗಳ ಲೆಕ್ಕದಲ್ಲಿ ಎರಡೂ ಕಡೆ ತೊಡಕಿದೆ, ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಲಸಿಕೆಗೆ ಸಂಬಂಧ ಇಲ್ಲದ್ದೂ ಅದರಲ್ಲಿ ಸೇರಿರುತ್ತದೆ. ಅದೇ ರೀತಿ, ಸಂಬಂಧ ಇದ್ದದ್ದೂ ಬಿಟ್ಟು ಹೋಗಿರುತ್ತದೆ. ಮೊದಲು ಹೇಳಿದ 2021ರ ಪ್ರಕಟಣೆಯನ್ನೇ ನೋಡಿ. ದೇಶದ 753 ಜಿಲ್ಲೆಗಳಲ್ಲಿ ವರದಿ ಬಂದದ್ದು 684 ಜಿಲ್ಲೆಗಳಿಂದ. ಉಳಿದ 69 ಜಿಲ್ಲೆಗಳಲ್ಲಿ ಒಬ್ಬರಿಗೂ ಏನೂ ಆಗಿಲ್ಲವಾ? ಆಗಿರುತ್ತದೆ, ಯಾರೂ ಬರೆದು ಕಳಿಸಿಲ್ಲ. ಹಾಗಾಗಿ 10 ಲಕ್ಷಕ್ಕೆ 9.3 ಅನ್ನೋದು ವರದಿಯಾದ ಪ್ರಮಾಣ. ಅದನ್ನೇ ಹಿಡಿದು ಲಸಿಕೆ ಪೂರ್ತಿ ಸುರಕ್ಷಿತ ಅಂತ ಹೇಳುವುದೂ ತಪ್ಪು, 700 ಜನಕ್ಕೆ ಲಸಿಕೆಯೇ ಹಾಗೆ ಮಾಡಿತು ಅನ್ನುವುದೂ ತಪ್ಪು.

ಕೋವಿಶೀಲ್ಡ್ ಗುಂಪಿನ ಲಸಿಕೆಯಿಂದ ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆ ಆಗುವುದು ನಿಜ, ತನಿಖೆಯಲ್ಲಿ ಸಾಬೀತಾದದ್ದು. ಅದರ ಪ್ರಮಾಣವನ್ನು ನಮ್ಮ ಸರ್ಕಾರ ಆಗ 10 ಲಕ್ಷ ಡೋಸ್‌ಗೆ 0.61 ಅಂತ ಕೊಟ್ಟಿತ್ತು. ಬ್ರಿಟನ್ನಿನಲ್ಲಿ ಆಗ 4. ಅಲ್ಲಿ ವೈದ್ಯರು ಇದನ್ನೇ ಹುಡುಕಲು ಶುರು ಮಾಡಿದ ಮೇಲೆ ಮೊದಲ ಡೋಸ್‌ನ ಪ್ರಮಾಣ 15ರ ಹತ್ತಿರಕ್ಕೆ ಏರಿತು. ಲಸಿಕೆ ಬದಲಾಗಲಿಲ್ಲ, ಹುಡುಕುವ ಕಣ್ಣು ಬದಲಾಯಿತು. ಮೊದಲ ತಿಂಗಳ ಲೆಕ್ಕವನ್ನು ಕೊನೆಯ ಮಾತು ಅಂತ ತಿಳಿಯಬೇಡಿ.

ಹೆಜ್ಜೆ 4: ದಿನಗಳ ಲೆಕ್ಕ ಹೊಂದುತ್ತದಾ ನೋಡಿ

ಪ್ರತಿ ಅಡ್ಡಪರಿಣಾಮಕ್ಕೂ ಅದರದೇ ಅವಧಿ ಇರುತ್ತದೆ. ಜೋರಾದ ಅಲರ್ಜಿ ನಿಮಿಷಗಳಲ್ಲಿ ಬರುತ್ತದೆ, ಅದಕ್ಕೇ ಅರ್ಧ ಗಂಟೆ ಕೂತುಕೊಳ್ಳಿ ಅನ್ನೋದು. ಪೆಂಟಾವಲೆಂಟ್ ಜ್ವರ ಒಂದೆರಡು ದಿನದಲ್ಲಿ. ದಡಾರ-ರುಬೆಲ್ಲಾ ಲಸಿಕೆಯ ಜ್ವರ ಮಾತ್ರ ಒಂದು ವಾರ ಬಿಟ್ಟು ಬರುತ್ತದೆ, ತಾಯಂದಿರು ಆಗ ಲಸಿಕೆಯನ್ನು ಮರೆತೇ ಬಿಟ್ಟಿರುತ್ತಾರೆ. ಕೋವಿಶೀಲ್ಡ್‌ನ ರಕ್ತ ಹೆಪ್ಪುಗಟ್ಟುವಿಕೆ ಸಾಮಾನ್ಯವಾಗಿ ನಾಲ್ಕನೇ ದಿನದಿಂದ ಆರು ವಾರದೊಳಗೆ.

ಈ ತೊಂದರೆ ಅಪರೂಪಕ್ಕೆ ಆಗಬಹುದು ಅಂತ ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ ಲಂಡನ್ ಕೋರ್ಟಿಗೆ ಸಲ್ಲಿಸಿದ ಕಾಗದದ ಸುದ್ದಿ 2024ರಲ್ಲಿ ಬಂದಾಗ ಮೂರು ವರ್ಷದ ಹಿಂದೆ ಲಸಿಕೆ ಹಾಕಿಸಿಕೊಂಡವರೆಲ್ಲ ಗಾಬರಿಯಾದರು. ರಕ್ತ ತೆಳುವಾಗಿಸುವ ಗುಳಿಗೆ ನುಂಗಲಾ ಅಂತ ಕೇಳಿದವರೂ ಇದ್ದರು. ಆ ತೊಂದರೆ ಇದೆ ಅನ್ನೋದು 2021ರಲ್ಲೇ ಎಲ್ಲರಿಗೂ ಗೊತ್ತಿದ್ದ ವಿಷಯ, ಮತ್ತು ಅದರ ಅವಧಿ ವಾರಗಳದ್ದು. ಸುಮ್ನೆ ಗುಳಿಗೆ ನುಂಗಿದರೆ ಅದರದೇ ಬೇರೆ ಅಪಾಯ.

ಹೆಜ್ಜೆ 5: 'ದುಪ್ಪಟ್ಟು' ಅಂದರೆ ಎಷ್ಟರಿಂದ ಎಷ್ಟಕ್ಕೆ?

ಎಂಎಂಆರ್ ಮತ್ತು ಸಿತಾಳೆ ಸಿಡುಬಿನ ಲಸಿಕೆಯನ್ನು ಬೇರೆ ಬೇರೆ ಸೂಜಿಯಲ್ಲಿ ಕೊಟ್ಟಾಗ 10,000 ಮಕ್ಕಳಲ್ಲಿ ಸುಮಾರು 4 ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತದೆ. ನಾಲ್ಕನ್ನೂ ಒಂದೇ ಸೂಜಿಯಲ್ಲಿ ಕೊಟ್ಟಾಗ ಮೊದಲ ಡೋಸ್‌ನಲ್ಲಿ ಸುಮಾರು 8. ಇದನ್ನು 'ಅಪಾಯ ದುಪ್ಪಟ್ಟು' ಅಂತಲೂ ಬರೆಯಬಹುದು, '10,000ಕ್ಕೆ 4 ಜಾಸ್ತಿ' ಅಂತಲೂ ಬರೆಯಬಹುದು. ಎರಡೂ ಸುಳ್ಳಲ್ಲ. ಪಟ್ಟು ಕೇಳಿದಾಗೆಲ್ಲ ಮೂಲ ಸಂಖ್ಯೆ ಕೇಳಿ, ಅಷ್ಟೇ.

ಹೆಜ್ಜೆ 6: 'ಪ್ರಯೋಗದಲ್ಲಿ ಒಂದೂ ಕಾಣಲಿಲ್ಲ' ಅಂದರೆ ಸೊನ್ನೆ ಅಲ್ಲ

ಇದು ಲಸಿಕೆ ಪರವಾಗಿ ಮಾತಾಡುವವರು ಮಾಡುವ ತಪ್ಪು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗದಲ್ಲಿ ಸುಮಾರು 25,800 ಜನ ಇದ್ದರು. ಅಷ್ಟು ಜನರಿಗೂ ಲಸಿಕೆಯನ್ನೇ ಕೊಟ್ಟು, ಒಂದು ತೊಂದರೆ ಒಬ್ಬರಲ್ಲೂ ಕಾಣಲಿಲ್ಲ ಅಂತ ಇಟ್ಟುಕೊಂಡರೂ ಅದು ಇಲ್ಲವೇ ಇಲ್ಲ ಅಂತ ಹೇಳಲು ಬರುವುದಿಲ್ಲ. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ. 25,800ನ್ನು 3ರಿಂದ ಭಾಗಿಸಿದರೆ 8,600. ಅಂದರೆ '8,600ಕ್ಕೆ ಒಂದಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ' ಅಂತ ಮಾತ್ರ ಸುಮಾರು ಶೇಕಡಾ 95ರಷ್ಟು ಭರವಸೆಯಿಂದ ಹೇಳಬಹುದು. ಅಲ್ಲಿ ಅರ್ಧದಷ್ಟು ಜನ ಹೋಲಿಕೆಗೆ ಅಂತ ಲಸಿಕೆ ಇಲ್ಲದ ಬರೀ ಸೂಜಿ ಪಡೆದವರು, ಹಾಗಾಗಿ ನಿಜವಾದ ಭರವಸೆ ಇನ್ನೂ ಕಡಿಮೆ. ಲಕ್ಷಕ್ಕೆ ಒಂದು ಇರುವಂಥದ್ದು ಕಾಣಬೇಕಾದರೆ ಲಕ್ಷಗಟ್ಟಲೆ ಜನರಿಗೆ ಹಾಕಿದ ಮೇಲೇ ಕಾಣುತ್ತದೆ, ಬೇರೆ ದಾರಿಯಿಲ್ಲ. ಹಾಗಾಗಿಯೇ ವರದಿ ವ್ಯವಸ್ಥೆ ಬೇಕು.

ಅಮೆರಿಕದಲ್ಲಿ 1998ರಲ್ಲಿ ರೋಟಾಶೀಲ್ಡ್ ಅಂತ ಮಕ್ಕಳ ಭೇದಿ ತಡೆಯುವ ಲಸಿಕೆ ಬಂತು. ಪ್ರಯೋಗದಲ್ಲಿ ಸುಮಾರು 10,000 ಮಕ್ಕಳಿಗೆ ಕೊಟ್ಟಾಗ ಐದು ಮಕ್ಕಳಿಗೆ ಕರುಳು ಒಳಗೊಳಗೇ ಸಿಕ್ಕಿಕೊಳ್ಳುವ ತೊಂದರೆ ಬಂದಿತ್ತು. ಆಕಸ್ಮಿಕ ಇರಬಹುದು ಅನ್ನುವಷ್ಟೇ ಆ ಸಂಖ್ಯೆ ಇತ್ತು. ಮಾರುಕಟ್ಟೆಗೆ ಬಂದು ವರ್ಷ ತುಂಬುವ ಮೊದಲೇ ವರದಿಗಳು ಬೀಳತೊಡಗಿದವು. 1999ರ ಜುಲೈನಲ್ಲಿ ನಿಲ್ಲಿಸಿದರು, ಅಕ್ಟೋಬರ್‌ನಲ್ಲಿ ವಾಪಸ್ ತೆಗೆದರು. ಲಸಿಕೆಯಿಂದಲೇ ಜಾಸ್ತಿಯಾಗುವ ಅಪಾಯ ಸುಮಾರು 10,000 ಮಕ್ಕಳಿಗೆ ಒಂದು ಅಂತ ತಿಳಿಯಿತು. ಮುಂದೆ ಬಂದ ಎರಡು ರೋಟಾ ಲಸಿಕೆಗಳಿಗೆ ತಲಾ 60,000ಕ್ಕೂ ಜಾಸ್ತಿ ಮಕ್ಕಳ ಪ್ರಯೋಗ ಮಾಡಿದರು. ನಮ್ಮದೇ ರೋಟಾವ್ಯಾಕ್ ಹನಿ ಕೊಡಲು ಶುರುವಾದ ಮೇಲೂ ಇದನ್ನೇ ಹುಡುಕಿದರು, 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಪಾಯ ಏರಿದ್ದು ಕಾಣಲಿಲ್ಲ.

ಹೆಜ್ಜೆ 7: ಕಾಯಿಲೆಯ ಲೆಕ್ಕವನ್ನೂ ಅದೇ ಅಳತೆಯಲ್ಲಿ ಹಾಕಿ

ಮತ್ತೆ ಗದಗ ಜಿಲ್ಲೆಗೇ ಬನ್ನಿ. ರಾಜ್ಯದ ಜನನ ಪ್ರಮಾಣ ಹಿಡಿದರೆ ಅಲ್ಲಿ ವರ್ಷಕ್ಕೆ ಸುಮಾರು 17,000 ಮಕ್ಕಳು ಹುಟ್ಟುತ್ತವೆ. ಎಲ್ಲರಿಗೂ ದಡಾರದ ಲಸಿಕೆಯ ಒಂದು ಡೋಸ್ ಹಾಕಿದರು ಅಂತ ತಿಳಿಯಿರಿ. ನಮ್ಮ ಕಡೆ ಹಿರಿಯರು ಗೊಬ್ಬರ ಅಂತಾರಲ್ಲ, ಅದೇ ದಡಾರ. ಅಮೆರಿಕದ ಎಂಎಂಆರ್ ಲೆಕ್ಕದ ಪ್ರಕಾರ 3,000-4,000 ಡೋಸ್‌ಗೆ ಒಂದು ಜ್ವರದ ಫಿಟ್ಸ್. ಅಂದರೆ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕರಿಂದ ಆರು ಮಕ್ಕಳು. ರಕ್ತದ ಪ್ಲೇಟ್‌ಲೆಟ್ ತಾತ್ಕಾಲಿಕವಾಗಿ ಇಳಿಯುವುದು 30,000-40,000ಕ್ಕೆ ಒಂದು, ಅಂದರೆ ಎರಡು ವರ್ಷಕ್ಕೆ ಒಂದು ಮಗು. ಜೀವಕ್ಕೆ ಕುತ್ತು ತರುವ ಅಲರ್ಜಿ 10 ಲಕ್ಷಕ್ಕೆ ಒಂದರ ಆಸುಪಾಸು, ಜಿಲ್ಲೆಯಲ್ಲಿ ಐವತ್ತು-ಅರವತ್ತು ವರ್ಷಕ್ಕೆ ಒಂದು.

ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ಓಡುವ ತಾಯಿಗೆ ಆ ಗಳಿಗೆ ಎಂಥದ್ದು ಅಂತ ಹೇಳಬೇಕಿಲ್ಲ. ಆದರೆ ಲಸಿಕೆ ಇಲ್ಲದೇ, ಬೇರೆ ಬೇರೆ ಜ್ವರಗಳಿಂದಲೇ, 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಇಂಥ ಫಿಟ್ಸ್ ಒಮ್ಮೆಯಾದರೂ ಬರುತ್ತದೆ. 17,000ದಲ್ಲಿ 340ರಿಂದ 850. ಹೆಚ್ಚಿನವರಿಗೆ ಮುಂದೆ ಏನೂ ತೊಂದರೆ ಉಳಿಯುವುದಿಲ್ಲ.

ಈಗ ಅದೇ 17,000 ಮಕ್ಕಳಿಗೆ ದಡಾರ ಬಂದರೆ? ಇಪ್ಪತ್ತಕ್ಕೆ ಒಂದು ಮಗುವಿಗೆ ನ್ಯುಮೋನಿಯಾ, ಅಂದರೆ 850. ಸಾವಿರಕ್ಕೆ ಒಂದು ಮಗುವಿಗೆ ಮಿದುಳಿನ ಉರಿಯೂತ, ಅಂದರೆ 17. ಸಾವು ಸಾವಿರಕ್ಕೆ ಒಂದರಿಂದ ಮೂರು, ಅಂದರೆ 17ರಿಂದ 51 ಮಕ್ಕಳು. ಇದು ಆಸ್ಪತ್ರೆ, ಆಹಾರ ಎಲ್ಲ ಚೆನ್ನಾಗಿರುವ ಅಮೆರಿಕದ ಲೆಕ್ಕ. ಪೌಷ್ಟಿಕತೆ ಕಡಿಮೆ ಇರುವ ಕಡೆ ಇನ್ನೂ ಜಾಸ್ತಿ.

ಎಲ್ಲರಿಗೂ ದಡಾರ ಬರುತ್ತದೆ ಅಂತ ಏನು ಗ್ಯಾರಂಟಿ, ಅಲ್ವಾ? ಒಳ್ಳೆ ಪ್ರಶ್ನೆ. ಸುತ್ತಲಿನ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೆ ನಿಮ್ಮ ಮಗುವಿಗೆ ಬರುವ ಸಾಧ್ಯತೆ ಕಡಿಮೆ. ಆದರೆ ಎಲ್ಲರೂ ಹೀಗೇ ಲೆಕ್ಕ ಹಾಕಿ ಕೈಬಿಟ್ಟರೆ ಏನಾಗುತ್ತದೆ ಅನ್ನೋದು ಜಪಾನಿನಲ್ಲಿ ಆಗಿಹೋಗಿದೆ. ಅಲ್ಲಿ 1974ರಲ್ಲಿ ನಾಯಿಕೆಮ್ಮಿನ 393 ಪ್ರಕರಣ, ಸಾವು ಒಂದೂ ಇಲ್ಲ. ಲಸಿಕೆಯಾದ ಮೇಲೆ ಎರಡು ಮಕ್ಕಳು ತೀರಿಕೊಂಡರು ಅಂತ 1975ರಲ್ಲಿ ನಿಲ್ಲಿಸಿದರು, ಆಮೇಲೆ ಮತ್ತೆ ಶುರು ಮಾಡಿದರೂ ಜನ ಬರಲಿಲ್ಲ. 1979ರಲ್ಲಿ 13,000ಕ್ಕೂ ಜಾಸ್ತಿ ಪ್ರಕರಣ, 41 ಸಾವು.

ಲೆಕ್ಕ ಯಾವಾಗಲೂ ಲಸಿಕೆ ಕಡೆಗೇ ವಾಲುತ್ತದೆ ಅಂತಲೂ ಅಲ್ಲ. ವಯಸ್ಸು, ಕಾಲ, ಊರು ಬದಲಾದರೆ ಉತ್ತರವೂ ಬದಲಾಗಬಹುದು. 2021ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಆಸ್ಟ್ರಾಜೆನೆಕಾ ಲಸಿಕೆಯ ಲೆಕ್ಕ ಬಿಡಿಸಿ ತೋರಿಸಿದರು. ಸೋಂಕು ಕಡಿಮೆ ಇರುವಾಗ, 60ರಿಂದ 69 ವಯಸ್ಸಿನ ಒಂದು ಲಕ್ಷ ಜನರಲ್ಲಿ ಐಸಿಯು ಸೇರುವುದು ತಪ್ಪಿದವರು 14.1, ಲಸಿಕೆಯಿಂದ ಗಂಭೀರ ತೊಂದರೆ ಆದವರು 0.2. ಆದರೆ 20ರಿಂದ 29ರವರಲ್ಲಿ ತಪ್ಪಿದ್ದು 0.8, ತೊಂದರೆ 1.1. ಹಾಗಾಗಿ 30ರ ಒಳಗಿನವರಿಗೆ ಬೇರೆ ಲಸಿಕೆ ಕೊಡಿ ಅಂದರು. ಸರಿಯಾದ ನಿರ್ಧಾರ. ಪೋಲಿಯೋ ಹನಿಯದ್ದೂ ಹೀಗೇ. ಹನಿಯಲ್ಲಿರುವ ದುರ್ಬಲ ವೈರಸ್‌ನಿಂದಲೇ ಸುಮಾರು 27 ಲಕ್ಷ ಮೊದಲ ಡೋಸ್‌ಗೆ ಒಂದು ಮಗುವಿಗೆ ಪಾರ್ಶ್ವವಾಯು ಬರಬಹುದು. ಊರೂರಲ್ಲಿ ಪೋಲಿಯೋ ಇದ್ದಾಗ ಅದು ದೊಡ್ಡದಾಗಿ ಕಾಣಲಿಲ್ಲ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಬಂತು. ಕಾಯಿಲೆ ಹೋದ ಮೇಲೆ ಆ ಸಣ್ಣ ಅಪಾಯವೇ ಎದ್ದು ಕಂಡಿತು. ಆಗ 2015ರ ಕೊನೆಗೆ ಸತ್ತ ವೈರಸ್‌ನ ಸೂಜಿ ಸೇರಿಸಿದರು, 2016ರ ಏಪ್ರಿಲ್‌ನಲ್ಲಿ ಹನಿಯಿಂದ ಎರಡನೇ ಬಗೆಯ ವೈರಸ್ ತೆಗೆದುಹಾಕಿದರು.

ಹೆಜ್ಜೆ 8: ಲಸಿಕೆ ದಿನ ನೀವು ಮಾಡಬೇಕಾದ್ದು

ಹೋಗುವಾಗ ತಾಯಿ ಕಾರ್ಡ್ ಒಯ್ಯಿರಿ. ಯಾವ ಲಸಿಕೆ ಅಂತ ಕೇಳಿ, ಏನಾಗಬಹುದು ಅಂತ ಕೇಳಿ, ಬ್ಯಾಚ್ ನಂಬರ್ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ, ಹೇಳುವುದು ಸಿಸ್ಟರ್ ಕೆಲಸದ ಭಾಗವೇ. ಸೂಜಿ ಆದ ಮೇಲೆ ಬಸ್ ತಪ್ಪುತ್ತದೆ ಅಂತ ಓಡಬೇಡಿ, ಅರ್ಧ ಗಂಟೆ ಅಲ್ಲೇ ಕೂತುಕೊಳ್ಳಿ. ಉಸಿರಾಟ ಕಷ್ಟವಾದರೆ, ಮುಖ-ತುಟಿ ಊದಿದರೆ, ಮೈತುಂಬ ದದ್ದು ಎದ್ದರೆ ಕೊಡಲು ಅಡ್ರಿನಲಿನ್ ಇರುವ ಕಿಟ್ ಅಲ್ಲಿರುತ್ತದೆ.

ಪೆಂಟಾವಲೆಂಟ್ ಆದ ರಾತ್ರಿ ಮಗು ಕಿರಿಕಿರಿ ಮಾಡುತ್ತದೆ, ತೊಡೆ ಕೆಂಪಾಗಿ ಗಟ್ಟಿಯಾಗುತ್ತದೆ, ಮೈ ಬಿಸಿಯಾಗುತ್ತದೆ. ಅರ್ಧದಷ್ಟು ಮಕ್ಕಳಿಗೆ ಜ್ವರವೋ ಊತವೋ ಆಗಬಹುದು. ಊದಿದ ಜಾಗಕ್ಕೆ ಅರಿಶಿನ, ಸುಣ್ಣ, ಎಣ್ಣೆ ಏನೂ ಹಚ್ಚಬೇಡಿ, ತಿಕ್ಕಬೇಡಿ. ಎದೆಹಾಲು ಕೊಡುತ್ತಿರಿ. ಜ್ವರದ ಔಷಧ ಎಷ್ಟು ಅಂತ ಮಗುವಿನ ತೂಕ ನೋಡಿ ಸಿಸ್ಟರ್ ಅಥವಾ ಡಾಕ್ಟರ್ ಹೇಳಿದಷ್ಟೇ ಕೊಡಿ. ಆದರೆ ಮಗು ಮೂರು ಗಂಟೆ ಬಿಡದೇ ಅತ್ತರೆ, ಫಿಟ್ಸ್ ಬಂದರೆ, ಮೈ ಬಿಳಿಚಿ ಜೋಲು ಬಿದ್ದರೆ, ಹಾಲು ಕುಡಿಯದೇ ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್, ಹಾವೇರಿ ಜಿಲ್ಲಾ ಆಸ್ಪತ್ರೆ ಎಲ್ಲಾದರೂ ಸರಿ, ಯಾವುದು ಬೇಗ ಸಿಗುತ್ತದೋ ಅಲ್ಲಿಗೆ. ಹೋದ ಕೂಡಲೇ ಯಾವ ಲಸಿಕೆ, ಯಾವತ್ತು, ಎಷ್ಟು ಹೊತ್ತಿಗೆ ಹಾಕಿದರು ಅಂತ ಮೊದಲೇ ಹೇಳಿ.

ಆಮೇಲೆ ವರದಿ ಆಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೂ ನಿಮ್ಮ ಆಶಾ ಕಾರ್ಯಕರ್ತೆಗೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. ಔಷಧ, ಲಸಿಕೆಯ ಅಡ್ಡಪರಿಣಾಮ ತಿಳಿಸಲು ರಾಷ್ಟ್ರಮಟ್ಟದ ಉಚಿತ ಸಹಾಯವಾಣಿ 1800-180-3024 ಇದೆ, ಅದಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. 'ಕಾರಣ ಲಸಿಕೆಯೇ ಅಂತ ನನಗೆ ಗೊತ್ತಿಲ್ಲವಲ್ಲ' ಅಂತ ಹಿಂಜರಿಯಬೇಡಿ, ಅದನ್ನು ಹುಡುಕುವುದು ಸಮಿತಿಯ ಕೆಲಸ. ನೀವು ಗ್ರೂಪಿಗೆ ಕಳಿಸುವ ವಿಡಿಯೋ ಯಾವ ಲೆಕ್ಕಕ್ಕೂ ಸೇರುವುದಿಲ್ಲ, ನೀವು ಕೊಡುವ ವರದಿ ಸೇರುತ್ತದೆ. ಕೊಡುವಾಗ ಬ್ಯಾಚ್ ನಂಬರ್ ಕೇಳುತ್ತಾರೆ, ಹಾಗಾಗಿ ತಾಯಿ ಕಾರ್ಡಿನ ಆ ಪುಟದ ಫೋಟೋ ಲಸಿಕೆ ದಿನವೇ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡಿರಿ.